30ರಲ್ಲಿ 11: ಮನೆಯ ಡಿಟಿಎಫ್ ಪ್ರಿಂಟ್ ಎದ್ದು ಬಂದ ಪ್ರಕರಣ

ಮೊದಲ ಟೀ ಶರ್ಟ್ ವಾಪಸ್ ಬಂದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಗೆಯುವಾಗ ಏನೋ ಎಡವಟ್ಟಾಗಿರಬೇಕು ಅಂದುಕೊಂಡೆ. ಎರಡನೆಯದು ಬಂದಾಗ ಸ್ವಲ್ಪ ಕಸಿವಿಸಿಯಾಯಿತು. ಅದಾಗಿ ನಾಲ್ಕೇ ದಿನಕ್ಕೆ ನನ್ನ ಮೇಜಿನ ಮೇಲೆ 11 ಕಪ್ಪು ಟೀ ಶರ್ಟ್‌ಗಳು ಸಾಲಾಗಿ ಮಲಗಿದ್ದವು.

ಒಂದು ಓಟದ ತಂಡಕ್ಕೆ 30 ಶರ್ಟ್ ಮಾಡಿಕೊಟ್ಟಿದ್ದೆ. ಎಲ್ಲವೂ ಒಂದೇ ಬಗೆಯ ಹತ್ತಿ ಬಟ್ಟೆ, 180 ಜಿಎಸ್‌ಎಂ, ಅಂದರೆ ಚದರ ಮೀಟರ್‌ಗೆ 180 ಗ್ರಾಂ ತೂಕ. ಎಲ್ಲದರ ಬೆನ್ನ ಮೇಲೂ ಒಂದೇ ಡಿಸೈನ್, 26 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರ. ಮೇಲೆ ಚಿತ್ರ, ಅದರ ಕೆಳಗೆ ಒಂದು ಸಾಲಿನಲ್ಲಿ ತಂಡದ ಹೆಸರು. ವಾಪಸ್ ಬಂದ ಹನ್ನೊಂದರಲ್ಲೂ ಚಿತ್ರ ಗಟ್ಟಿಯಾಗಿಯೇ ಕೂತಿತ್ತು. ಎದ್ದಿದ್ದು ಕೆಳಗಿನ ಹೆಸರು ಮಾತ್ರ. ಅದರಲ್ಲೂ ಸಾಲಿನ ಕೊನೆಯ ಎರಡು ಮೂರು ಅಕ್ಷರ ಜಾಸ್ತಿ ಎದ್ದಿದ್ದವು. ಉಗುರಿನಿಂದ ಮೆಲ್ಲಗೆ ಎತ್ತಿದರೆ ಸ್ಟಿಕ್ಕರ್ ತರಹ ಬಿಟ್ಟುಬರುತ್ತಿತ್ತು.

ಫಿಲ್ಮ್ ಮೂಲಕ ಬಟ್ಟೆಗೆ ಚಿತ್ರ ಅಂಟಿಸುವ ಡಿಟಿಎಫ್ ಪ್ರಿಂಟಿಂಗನ್ನು ಮನೆಯಲ್ಲಿ ಶುರು ಮಾಡಿ ಆಗ ಮೂರನೇ ತಿಂಗಳು. ಆ ಹನ್ನೊಂದರ ಕಾರಣ ಹುಡುಕೋಕೆ ಎಂಟು ದಿನ ಹಿಡಿಯಿತು. ಹಿಂದಿನ ಎರಡು ತಿಂಗಳು ಕಲಿತದ್ದಕ್ಕಿಂತ ಜಾಸ್ತಿ ಆ ಎಂಟು ದಿನದಲ್ಲಿ ಕಲಿತೆ.

ಕೆಲಸ ನಡೆಯುವ ಬಗೆ

ಡಿಟಿಎಫ್ ಅಂದರೆ ಡೈರೆಕ್ಟ್ ಟು ಫಿಲ್ಮ್. ಬಟ್ಟೆಯ ಮೇಲೆ ನೇರವಾಗಿ ಪ್ರಿಂಟ್ ಮಾಡುವುದಿಲ್ಲ. ಮೊದಲು ಒಂದು ಪಾರದರ್ಶಕ ಪಿಇಟಿ ಪ್ಲಾಸ್ಟಿಕ್ ಫಿಲ್ಮ್ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ ಪ್ರಿಂಟ್ ಮಾಡುತ್ತೇವೆ. ಮೊದಲು ಬಣ್ಣ, ಅದರ ಮೇಲೆ ಬಿಳಿ. ಇಂಕ್ ಇನ್ನೂ ಹಸಿಯಾಗಿರುವಾಗಲೇ ಅಂಟಿನ ಪೌಡರ್ ಚೆಲ್ಲಿ, ಫಿಲ್ಮ್ ಅಲ್ಲಾಡಿಸಿ ಜಾಸ್ತಿಯಾದದ್ದನ್ನು ಉದುರಿಸುತ್ತೇವೆ. ಆ ಪೌಡರ್ ಟಿಪಿಯು ಅನ್ನುವ, ಬಿಸಿಗೆ ಕರಗುವ ಪ್ಲಾಸ್ಟಿಕ್. ಅದನ್ನು ಕಾಯಿಸಿ ಕರಗಿಸುವುದಕ್ಕೆ ಕ್ಯೂರಿಂಗ್ ಅನ್ನುತ್ತಾರೆ. ಆಮೇಲೆ ಫಿಲ್ಮನ್ನು ಬಟ್ಟೆಯ ಮೇಲೆ ಮಗುಚಿ ಹಾಕಿ, ಬಿಸಿ ಪ್ಲೇಟ್ ಇರುವ ಹೀಟ್ ಪ್ರೆಸ್‌ನಲ್ಲಿ ಒತ್ತುತ್ತೇವೆ. ಆರಿದ ಮೇಲೆ ಫಿಲ್ಮ್ ಕೀಳುತ್ತೇವೆ. ಮೇಲೆ ಬಟರ್ ಪೇಪರ್ ಇಟ್ಟು ಇನ್ನೊಮ್ಮೆ ಒತ್ತಿದರೆ ಮುಗಿಯಿತು.

ಹತ್ತಿಯಾದರೂ ಸರಿ, ಪಾಲಿಯೆಸ್ಟರ್ ಆದರೂ ಸರಿ, ಕಪ್ಪಾದರೂ ಬಿಳಿಯಾದರೂ ಸರಿ. ಎಲ್ಲದಕ್ಕೂ ಅಂಟುತ್ತದೆ. ಒಂದೇ ಒಂದು ಶರ್ಟ್ ಬೇಕಿದ್ದರೂ ಮಾಡಬಹುದು. ಮನೆಯಲ್ಲಿ ಶುರು ಮಾಡುವವರಿಗೆ ಆಸೆ ಹುಟ್ಟುವುದು ಅಲ್ಲೇ. ನನಗೂ ಹಾಗೇ ಆಯಿತು.

ನನ್ನ ಹತ್ತಿರ ಇದ್ದದ್ದು ಇಷ್ಟು: ಡಿಟಿಎಫ್‌ಗೆ ಮಾರ್ಪಡಿಸಿದ ಎ3 ಅಳತೆಯ ಆರು ಬಣ್ಣದ ಇಂಕ್‌ಜೆಟ್ ಪ್ರಿಂಟರ್, 38 ಸೆಂ.ಮೀ. ಉದ್ದಗಲದ, ಕಪ್ಪೆಚಿಪ್ಪಿನ ಹಾಗೆ ಬಾಯಿ ತೆರೆಯುವ ಹೀಟ್ ಪ್ರೆಸ್, ಒಂದು ಪ್ಲಾಸ್ಟಿಕ್ ಟ್ರೇ, ಪೌಡರ್. ಕ್ಯೂರಿಂಗ್‌ಗೆ ಬೇರೆ ಒವನ್ ಇರಲಿಲ್ಲ. ಹೀಟ್ ಪ್ರೆಸ್ಸನ್ನೇ ಅರ್ಧ ಮುಚ್ಚಿ, ಮೇಲಿನ ಪ್ಲೇಟ್ ಫಿಲ್ಮ್‌ಗೆ ತಾಗದ ಹಾಗೆ ಹಿಡಿದು ಕಾಯಿಸುತ್ತಿದ್ದೆ. ಮನೆಯಲ್ಲಿ ಶುರು ಮಾಡುವವರು ಬಹಳಷ್ಟು ಮಂದಿ ಹೀಗೇ ಮಾಡುತ್ತಾರೆ. ಈ ಪ್ರಕರಣದ ಗಂಟು ಇರುವುದು ಇಲ್ಲೇ. ಆದರೆ ಆಗ ನನಗೆ ಅದು ಗಂಟು ಅಂತ ಗೊತ್ತಿರಲಿಲ್ಲ.

ಮೊದಲ ಎರಡು ತಿಂಗಳು ತಿಂದದ್ದು ಬಿಳಿ ಇಂಕ್

ಶರ್ಟ್ ವಿಷಯಕ್ಕೆ ಬರುವ ಮೊದಲು ಇದನ್ನು ಹೇಳಲೇಬೇಕು. ಕಾರಣ ಹುಡುಕುವಾಗ ನಾನು ದಾರಿ ತಪ್ಪಿದ್ದಕ್ಕೂ ಇದಕ್ಕೂ ನಂಟಿದೆ.

ಮನೆ ಡಿಟಿಎಫ್‌ಗೆ ಸಾಮಾನ್ಯವಾಗಿ ಎಪ್ಸನ್ ಎಲ್1800 ತರಹದ ಪ್ರಿಂಟರ್‌ಗಳನ್ನು ಮಾರ್ಪಡಿಸುತ್ತಾರೆ. ಇಂಥವುಗಳಲ್ಲಿ ಇಂಕ್ ಚಿಮ್ಮಿಸುವ ಹೆಡ್ ಪೀಜೋ ಬಗೆಯದು. ಕರೆಂಟ್ ಕೊಟ್ಟರೆ ಒಳಗಿನ ಪೀಜೋ ಪದರ ಬಾಗಿ ಇಂಕನ್ನು ಹೊರಗೆ ತಳ್ಳುತ್ತದೆ. ಇಂಕನ್ನು ಕುದಿಸಿ ಹನಿ ಚಿಮ್ಮಿಸುವ ಥರ್ಮಲ್ ಹೆಡ್‌ಗೆ ಡಿಟಿಎಫ್ ಇಂಕ್ ಆಗಿಬರುವುದಿಲ್ಲ. ಆರು ಬಣ್ಣದ ಮಷಿನ್ ಬೇಕಾಗುವುದಕ್ಕೂ ಕಾರಣ ಇದೆ. ನಾಲ್ಕು ದಾರಿಯಲ್ಲಿ ಮಾಮೂಲಿ ನಾಲ್ಕು ಬಣ್ಣ. ತಿಳಿ ನೀಲಿ, ತಿಳಿ ಗುಲಾಬಿ ಇರುತ್ತಿದ್ದ ಉಳಿದ ಎರಡು ದಾರಿಯಲ್ಲಿ ಬಿಳಿ. ಯಾವ ಬಣ್ಣದ ಮೇಲೆ ಎಷ್ಟು ಬಿಳಿ ಕೂರಬೇಕು ಅಂತ ನೋಡಿಕೊಳ್ಳುವುದು ರಿಪ್ ಸಾಫ್ಟ್‌ವೇರ್.

ಬಿಳಿ ಇಂಕ್‌ಗೆ ಬಿಳುಪು ಬರುವುದು ಟೈಟಾನಿಯಂ ಡೈಆಕ್ಸೈಡ್‌ನಿಂದ. ಅದು ನೀರಿಗಿಂತ ನಾಲ್ಕು ಪಟ್ಟು ಭಾರ. ಹಾಗಾಗಿ ಸುಮ್ನೆ ಬಿಟ್ಟರೆ ತಳಕ್ಕೆ ಕೂರುತ್ತದೆ. ಬಾಟಲಿಯಲ್ಲಿ ಕೂತರೆ ಅಲ್ಲಾಡಿಸಬಹುದು. ಟ್ಯೂಬ್‌ನಲ್ಲಿ, ಹೆಡ್‌ಗೆ ಹೋಗುವ ಮೊದಲು ಇಂಕ್ ಸೋಸುವ ಡ್ಯಾಂಪರ್‌ನಲ್ಲಿ, ಹೆಡ್‌ನ ಒಳಗೆ ಕೂತರೆ ಯಾರು ಅಲ್ಲಾಡಿಸುವುದು?

ಎರಡನೇ ತಿಂಗಳಲ್ಲಿ ಒಂಬತ್ತು ದಿನ ಊರಲ್ಲಿರಲಿಲ್ಲ. ಬಂದು ನಾಝಲ್ ಚೆಕ್, ಅಂದರೆ ಹೆಡ್‌ನ ಸಣ್ಣ ತೂತುಗಳಿಂದ ಇಂಕ್ ಬರುತ್ತಿದೆಯಾ ಅಂತ ತೋರಿಸುವ ಪರೀಕ್ಷೆಯ ಪ್ರಿಂಟ್, ತೆಗೆದರೆ ಬಿಳಿ ಸಾಲುಗಳಲ್ಲಿ ಅರ್ಧಕ್ಕರ್ಧ ಇಲ್ಲ. ನನಗೆ ಗೊತ್ತಿದ್ದ ಮದ್ದು ಹೆಡ್ ಕ್ಲೀನಿಂಗ್ ಒಂದೇ. ಒಂದಾದ ಮೇಲೊಂದು ಏಳು ಸಲ ಒತ್ತಿದೆ. ಇಂಕ್ ಎಲ್ಲಾ ವೇಸ್ಟ್ ಪ್ಯಾಡ್‌ಗೆ ಹೋಯಿತು, ನಾಝಲ್ ಮಾತ್ರ ಇನ್ನಷ್ಟು ಹೋದವು. ಕೊನೆಗೆ ಹೆಡ್ ಕೂರುವ ಕ್ಯಾಪಿಂಗ್ ಸ್ಟೇಷನ್‌ಗೆ ಸ್ವಲ್ಪ ಕ್ಲೀನಿಂಗ್ ದ್ರವ ಹಾಕಿ, ಹೆಡ್ಡನ್ನು ಅದರ ಮೇಲೆ ನಿಲ್ಲಿಸಿ, ರಾತ್ರಿಯಿಡೀ ಬಿಟ್ಟೆ. ಬಿಳಿಯ ಡ್ಯಾಂಪರ್ ಎರಡನ್ನೂ ಬದಲಿಸಿದೆ. ಮಾರನೇ ದಿನ ಒಂದೇ ಕ್ಲೀನಿಂಗ್‌ಗೆ ನಾಲ್ಕೈದು ಬಿಟ್ಟು ಉಳಿದ ಗೆರೆಗಳೆಲ್ಲ ವಾಪಸ್ ಬಂದವು. ಎರಡು ಕ್ಲೀನಿಂಗ್‌ಗೂ ಸರಿಹೋಗದಿದ್ದರೆ ಮೂರನೆಯದನ್ನು ಒತ್ತಬಾರದು ಅಂತ ಅವತ್ತೇ ಗೋಡೆ ಮೇಲೆ ಬರೆದೆ.

ಆಮೇಲಿಂದ ದಿನಾ ಬೆಳಿಗ್ಗೆ ಬಿಳಿ ಬಾಟಲಿ ಅಲ್ಲಾಡಿಸುವುದು, ನಾಝಲ್ ಚೆಕ್, ಒಂದು ಅಂಗೈಯಗಲದ ಪ್ರಿಂಟ್. ಕೆಲಸ ಇರಲಿ ಬಿಡಲಿ. ಕೋಣೆಯ ಗಾಳಿಯ ತೇವ ಶೇಕಡಾ 40ರಿಂದ 60ರೊಳಗೆ ಇರುವ ಹಾಗೆ ನೋಡಿಕೊಳ್ಳುವುದು. ಗಾಳಿ ತೀರಾ ಒಣಗಿದ್ದರೆ ನಾಝಲ್ ಬಾಯಲ್ಲೇ ಇಂಕ್ ಒಣಗುತ್ತದೆ. ಜೊತೆಗೆ ಸ್ಟ್ಯಾಟಿಕ್ ಹುಟ್ಟಿ, ಇಂಕ್ ಇಲ್ಲದ ಜಾಗಕ್ಕೂ ಪೌಡರ್ ಹಿಡಿಯುತ್ತದೆ. ತೇವ ಜಾಸ್ತಿಯಾದರೆ ಪೌಡರ್ ಗಂಟುಗಟ್ಟುತ್ತದೆ.

ಈ ಎಲ್ಲದರಿಂದ ನನ್ನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತು: ಡಿಟಿಎಫ್‌ನಲ್ಲಿ ಏನೇ ಕೆಟ್ಟರೂ ಅದು ಪ್ರಿಂಟರ್ ಕಡೆಯಿಂದ. ಪ್ರೆಸ್ ಬಗ್ಗೆ ಯೋಚನೆಯೇ ಇರಲಿಲ್ಲ. ಅದು ಇಸ್ತ್ರಿ ಪೆಟ್ಟಿಗೆಯ ಅಣ್ಣ ಅಷ್ಟೇ ಅಲ್ವಾ, ಅದರಲ್ಲೇನು ಕೆಡುವುದು?

ಆ 30 ಶರ್ಟ್

ಆರ್ಡರ್ ಬಂದಾಗ ಮೊದಲ ದಿನ 8 ಮಾಡಿದೆ. ಒಂದೊಂದು ಫಿಲ್ಮ್‌ಗೆ ಒಂದೊಂದು ಡಿಸೈನ್. ಡಿಸೈನ್ ಸುತ್ತ ಖಾಲಿ ಫಿಲ್ಮ್ ಕತ್ತರಿಸಿ, ಪ್ರೆಸ್‌ನ ಮಧ್ಯಕ್ಕಿಟ್ಟು, 150 ಡಿಗ್ರಿಯಲ್ಲಿ ಮೂರು ನಿಮಿಷ ಮೇಲಿನಿಂದ ಕಾಯಿಸಿದೆ. ಆಮೇಲೆ ಶರ್ಟನ್ನು ಐದು ಸೆಕೆಂಡ್ ಖಾಲಿಯಾಗಿ ಒತ್ತಿದೆ. ಹತ್ತಿ ಗಾಳಿಯ ತೇವ ಹೀರಿಕೊಂಡಿರುತ್ತದೆ, ಅದನ್ನು ಮೊದಲು ಓಡಿಸಬೇಕು. ನಂತರ 160 ಡಿಗ್ರಿಯಲ್ಲಿ 15 ಸೆಕೆಂಡ್. ಪೂರ್ತಿ ತಣ್ಣಗಾದ ಮೇಲೆ ಫಿಲ್ಮ್ ಕಿತ್ತೆ. ಬಟರ್ ಪೇಪರ್ ಇಟ್ಟು ಇನ್ನೂ ಹತ್ತು ಸೆಕೆಂಡ್.

ಮಧ್ಯೆ ಒಂದು ಚಿಕ್ಕ ತೊಂದರೆ ಬಂತು. ಅವರು ಕೊಟ್ಟ ಚಿತ್ರದಲ್ಲಿ ಅಕ್ಷರಗಳ ಹಿಂದೆ ಮಬ್ಬಾದ ನೆರಳಿತ್ತು. ಅರ್ಧ ಪಾರದರ್ಶಕವಾದ ಚುಕ್ಕಿಗಳ ಕೆಳಗೂ ರಿಪ್ ಬಿಳಿ ಹಾಕುತ್ತದೆ. ಕಪ್ಪು ಬಟ್ಟೆ ಮೇಲೆ ನೆರಳಿನ ಜಾಗದಲ್ಲಿ ಬೂದು ಬಣ್ಣದ ಕೊಳೆ ಕಂಡಂತಾಯಿತು. ನೆರಳು ತೆಗೆದು, ಬಿಳಿ ಪದರವನ್ನು ಬಣ್ಣದ ಅಂಚಿನಿಂದ ಎರಡು ಪಿಕ್ಸೆಲ್ ಒಳಗೆ ತಂದೆ. ಸರಿಹೋಯಿತು. ಹಿನ್ನೆಲೆ ಇಲ್ಲದ ಪಿಎನ್‌ಜಿ ಫೈಲ್, 300 ಡಿಪಿಐ, ಗಡುಸಾದ ಅಂಚು: ಚಿತ್ರದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವ ಅಗತ್ಯ ಈ ಕಥೆಗಿಲ್ಲ.

ಎಂಟು ಮುಗಿಯುವಷ್ಟರಲ್ಲಿ ಸಂಜೆ. ಉಳಿದದ್ದು 22. ಹೀಗೆ ಒಂದೊಂದೇ ಮಾಡುತ್ತಾ ಕೂತರೆ ಆಗುವುದಿಲ್ಲ ಅನ್ನಿಸಿತು. ಎ3 ಫಿಲ್ಮ್‌ನ ಉದ್ದ 42 ಸೆಂ.ಮೀ. ಡಿಸೈನ್‌ನ ಎತ್ತರ 18. ಮೇಲೊಂದು ಕೆಳಗೊಂದು ಹಾಕಿದರೆ ಎರಡು ಹಿಡಿಸುತ್ತದೆ. ಇದಕ್ಕೆ ಗ್ಯಾಂಗ್ ಶೀಟ್ ಅನ್ನುತ್ತಾರೆ, ಎಲ್ಲರೂ ಮಾಡುವುದೇ. ಫಿಲ್ಮ್ ಉಳಿಯಿತು, ಕ್ಯೂರಿಂಗ್ ಸಮಯ ಅರ್ಧ ಉಳಿಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾರನೇ ದಿನ 12 ಶೀಟ್ ಪ್ರಿಂಟ್ ಮಾಡಿದೆ. ಒಂದರಲ್ಲಿ ಬಿಳಿಯ ಒಂದು ಗೆರೆ ಬಿಟ್ಟುಹೋಗಿತ್ತು. ಕ್ಯೂರ್ ಮಾಡಿದ ಮೇಲೆ ಅದು ಕಣ್ಣಿಗೆ ಬಿತ್ತು. ಅದನ್ನು ಪಕ್ಕಕ್ಕಿಟ್ಟು, ಉಳಿದ 11 ಶೀಟ್‌ನಿಂದ 22 ಶರ್ಟ್ ಮುಗಿಸಿ ಕೊಟ್ಟುಬಿಟ್ಟೆ. ಎಲ್ಲವೂ ಚೆನ್ನಾಗಿ ಕಾಣುತ್ತಿದ್ದವು. ಎಳೆದು ನೋಡಿದೆ, ಉಜ್ಜಿ ನೋಡಿದೆ. ಒಂದೂ ಏಳಲಿಲ್ಲ. ಒಗೆದು ಮಾತ್ರ ನೋಡಲಿಲ್ಲ.

ಅನುಮಾನಗಳ ಸಾಲು

ಮೊದಲ ಅನುಮಾನ ಒಗೆದವರ ಮೇಲೆ. ಪ್ರಿಂಟ್ ಆದ ಮೇಲೆ 24 ಗಂಟೆ ಒಗೆಯಬಾರದು, ಒಳಮುಖ ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ಪ್ರಿಂಟ್ ಮೇಲೆ ನೇರ ಇಸ್ತ್ರಿ ಇಡಬಾರದು ಅಂತ ಚೀಟಿ ಬರೆದು ಕೊಟ್ಟಿದ್ದೆ. ಕೇಳಿದರೆ ನಾಲ್ಕು ಜನ ಕೈಯಲ್ಲಿ, ತಣ್ಣೀರಿನಲ್ಲಿ ಒಗೆದಿದ್ದರು. ಅವರದ್ದೂ ಎದ್ದಿತ್ತು. ಮಷಿನ್‌ಗೆ ಹಾಕಿದ ಕೆಲವರದ್ದು ಏನೂ ಆಗಿರಲಿಲ್ಲ. ಈ ಅನುಮಾನ ಅಲ್ಲಿಗೆ ಸತ್ತಿತು. ಗಿರಾಕಿಯ ಮೇಲೆ ತಪ್ಪು ಹೊರಿಸುವ ಆಸೆ ನನಗೆ ಜಾಸ್ತಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಎರಡನೆಯದು ಪ್ರಿಂಟರ್. ಬಿಳಿ ಇಂಕ್ ಕಮ್ಮಿ ಬಿದ್ದು, ಪೌಡರ್ ಸರಿಯಾಗಿ ಹಿಡಿಯಲಿಲ್ಲವೇನೋ. ಎರಡು ದಿನ ಇದರ ಹಿಂದೆ ಬಿದ್ದೆ. ನಾಝಲ್ ಚೆಕ್ ತೆಗೆದೆ, ಬಿಳಿಯ ಪ್ರಮಾಣ ಏರಿಸಿ ಇಳಿಸಿ ಪ್ರಿಂಟ್ ತೆಗೆದೆ. ಎಲ್ಲವೂ ಸರಿ. ಬಿಳಿ ಕಮ್ಮಿಯಾಗಿದ್ದರೆ ಬಣ್ಣ ಮಂಕಾಗಿರಬೇಕಿತ್ತು. ಎದ್ದು ಬಂದ ಅಕ್ಷರಗಳು ಹೊಳೆಯುತ್ತಲೇ ಇದ್ದವು. ಎರಡು ದಿನ ದಂಡ.

ಮೂರನೆಯದು ಪೌಡರ್. ಆದರೆ ಎಂಟಕ್ಕೂ ಇಪ್ಪತ್ತೆರಡಕ್ಕೂ ಬಳಸಿದ್ದು ಒಂದೇ ಡಬ್ಬಿ.

ನಾಲ್ಕನೆಯದಾಗಿ, ಕೊನೆಗೂ, ಪ್ರೆಸ್ ಕಡೆ ತಿರುಗಿದೆ. ಮುಟ್ಟದೆಯೇ ಬಿಸಿ ಅಳೆಯುವ ಐಆರ್ ಥರ್ಮಾಮೀಟರ್ ತಂದೆ. ಇದರ ಬಗ್ಗೆ ಒಂದು ಮಾತು: ಹೊಳೆಯುವ ಲೋಹದ ಮೇಲೆ ಅದು ನಿಜವಾದ ಬಿಸಿಗಿಂತ ತೀರಾ ಕಮ್ಮಿ ತೋರಿಸುತ್ತದೆ. ನನ್ನ ಪ್ಲೇಟ್‌ಗೆ ಕಪ್ಪು ಟೆಫ್ಲಾನ್ ಲೇಪನ ಇದ್ದುದರಿಂದ ಬಚಾವ್. ಪ್ರೆಸ್ಸನ್ನು 160ಕ್ಕೆ ಇಟ್ಟು, ಅರ್ಧ ಗಂಟೆ ಕಾಯಲು ಬಿಟ್ಟು, ಒಂಬತ್ತು ಜಾಗದಲ್ಲಿ ಅಳೆದೆ. ಮಧ್ಯದಲ್ಲಿ 158. ಹಿಂದಿನ ಸಾಲಿನಲ್ಲಿ 155, 156. ಮುಂದಿನ ಬಲ ಮೂಲೆ 149. ಮುಂದಿನ ಎಡ ಮೂಲೆ 138.

ಸಿಕ್ಕಿತು ಕಳ್ಳ ಅಂತ ಕುಣಿದಾಡಿದೆ. ಆ ಖುಷಿ ಹತ್ತು ನಿಮಿಷವೂ ಉಳಿಯಲಿಲ್ಲ. ಶರ್ಟ್ ಒತ್ತುವಾಗ ನಾನು ಡಿಸೈನನ್ನು ಪ್ಲೇಟ್‌ನ ಮಧ್ಯಕ್ಕೇ ಇಡುತ್ತೇನೆ. 38 ಸೆಂ.ಮೀ. ಪ್ಲೇಟ್, 26 ಸೆಂ.ಮೀ. ಡಿಸೈನ್. ಎರಡೂ ಕಡೆ ಆರಾರು ಸೆಂ.ಮೀ. ಉಳಿಯುತ್ತದೆ, ಹಿಂದೆ ಮುಂದೆ ಇನ್ನೂ ಜಾಸ್ತಿ. ಆ ತಣ್ಣನೆಯ ಮೂಲೆಗೂ ಡಿಸೈನ್‌ಗೂ ಸಂಬಂಧವೇ ಇಲ್ಲ. ಅದೂ ಅಲ್ಲದೆ ಮೂಲೆಯದ್ದೇ ತಪ್ಪಾಗಿದ್ದರೆ 30 ಶರ್ಟೂ ಏಳಬೇಕಿತ್ತು.

ರಾತ್ರಿ ಊಟ ಬಿಟ್ಟು ಲೆಕ್ಕ ಹಾಕುತ್ತಾ ಕೂತೆ. ಎದ್ದದ್ದು 11. ಎರಡನೇ ದಿನ ಮಾಡಿದ್ದು 22. ಸರಿಯಾಗಿ ಅರ್ಧ. ಇಂಕ್ ಕೆಟ್ಟರೆ, ಪೌಡರ್ ಕೆಟ್ಟರೆ, ಯಾರೋ ಬಿಸಿನೀರಿನಲ್ಲಿ ಒಗೆದರೆ, ಲೆಕ್ಕ ಇಷ್ಟು ನೀಟಾಗಿ ಬರುತ್ತದಾ? ಅರ್ಧ ಅಂದರೆ ಒಂದು ಶೀಟ್‌ಗೆ ಒಂದು. ಪ್ರತಿ ಶೀಟ್‌ನಲ್ಲೂ ಒಂದು ಬದುಕಿದೆ, ಒಂದು ಸತ್ತಿದೆ.

ಪಕ್ಕಕ್ಕಿಟ್ಟಿದ್ದ ಹನ್ನೆರಡನೇ ಶೀಟ್ ಆಗ ನೆನಪಾಯಿತು.

ಹನ್ನೆರಡನೇ ಶೀಟ್

ಅದನ್ನು ಮೇಜಿನ ಮೇಲಿಟ್ಟು, ಟಾರ್ಚ್ ಬೆಳಕನ್ನು ಪಕ್ಕದಿಂದ, ಫಿಲ್ಮ್‌ಗೆ ಹೆಚ್ಚು ಕಡಿಮೆ ಸಮನಾಗಿ ಬಿಟ್ಟೆ. ಮೇಲಿನಿಂದ ನೋಡಿದಾಗ ಕಾಣದ್ದು ಪಕ್ಕದ ಬೆಳಕಿನಲ್ಲಿ ಎದ್ದು ಕಂಡಿತು. ಮೇಲಿನ ಡಿಸೈನ್ ಪೂರ್ತಿ ಒದ್ದೆಯಾದಂತೆ ಹೊಳೆಯುತ್ತಿತ್ತು. ಮೈ ಅಲ್ಲಲ್ಲಿ ಸ್ವಲ್ಪ ಉಬ್ಬು ತಗ್ಗು. ಸರಿಯಾಗಿ ಕರಗಿದ ಪೌಡರ್ ಹೀಗೇ ಇರಬೇಕು, ಕಿತ್ತಳೆ ಸಿಪ್ಪೆಯ ಹಾಗೆ ಅನ್ನುತ್ತಾರೆ. ಕೆಳಗಿನ ಡಿಸೈನ್‌ನ ಚಿತ್ರವೂ ಹಾಗೇ ಇತ್ತು. ಹೆಸರಿನ ಸಾಲಿಗೆ ಬಂದಾಗ ಹೊಳಪು ಕಮ್ಮಿಯಾಗುತ್ತಾ ಹೋಯಿತು. ಕಟ್ಟಕಡೆಯಲ್ಲಿ ಹೊಳಪೇ ಇಲ್ಲ. ಸಣ್ಣ ಮರಳು ಅಂಟಿಸಿದ ಹಾಗೆ ಕಾಳು ಕಾಳು. ಬೆರಳಾಡಿಸಿದರೆ ಎರಡು ಕಾಳು ಉದುರಿ ಬೆರಳಿಗೆ ಬಂದವು.

ಫಿಲ್ಮ್ ತಗೊಂಡು ಹೋಗಿ ಪ್ರೆಸ್‌ನಲ್ಲಿ ಇಟ್ಟೆ, ಕ್ಯೂರ್ ಮಾಡುವಾಗ ಇಡುತ್ತಿದ್ದ ಹಾಗೆಯೇ, ಮೇಲಿನ ಅಂಚು ಹಿಂದಕ್ಕೆ ತಾಗಿಸಿ. ಫಿಲ್ಮ್ 42, ಪ್ಲೇಟ್ 38. ನನ್ನ ಕಡೆಗೆ ನಾಲ್ಕು ಸೆಂ.ಮೀ. ಫಿಲ್ಮ್ ಹೊರಗೆ ನಿಂತಿತು. ಎರಡನೇ ಡಿಸೈನ್ ಮುಗಿಯುವುದು 40ನೇ ಸೆಂ.ಮೀ.ಗೆ. ಅಂದರೆ ಹೆಸರಿನ ಸಾಲು ಬಿಸಿ ಪ್ಲೇಟ್‌ನ ಕೆಳಗೆ ಇರಲೇ ಇಲ್ಲ. ಅದು ಹೊರಗೆ ನಿಂತು ಒಳಗಿನ ಬಿಸಿಯನ್ನು ಇಣುಕಿ ನೋಡುತ್ತಿತ್ತು.

ಇದೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ಇನ್ನೂ ಎರಡು ಸೇರಿಕೊಂಡವು. ಕಪ್ಪೆಚಿಪ್ಪಿನ ಬಗೆಯ ಪ್ರೆಸ್‌ಗೆ ಕೀಲು ಇರುವುದು ಹಿಂದೆ. ಅರ್ಧ ಮುಚ್ಚಿ ಹಿಡಿದಾಗ ಹಿಂದೆ ಒಂದು ಬೆರಳು ಸಂದು ಇದ್ದರೆ ಮುಂದೆ ಮೂರು ಬೆರಳು. ಹಾಗಾಗಿ ಮುಂಭಾಗಕ್ಕೆ ಬಿಸಿ ತಾಗುವುದೇ ಕಮ್ಮಿ. ಅದರ ಮೇಲೆ ಆ ತಣ್ಣನೆಯ ಮುಂದಿನ ಎಡ ಮೂಲೆ.

ಆ ಎಡ ಮೂಲೆಯೇ ಕೊನೆಯ ಗಂಟನ್ನು ಬಿಡಿಸಿತು. ಶರ್ಟ್‌ಗಳಲ್ಲಿ ಜಾಸ್ತಿ ಎದ್ದದ್ದು ಸಾಲಿನ ಕೊನೆಯ ಅಕ್ಷರಗಳು, ಅಂದರೆ ಬಲಗಡೆಯವು. ಪ್ರೆಸ್‌ನಲ್ಲಿ ತಣ್ಣಗಿದ್ದದ್ದು ಎಡಗಡೆ. ಮೊದಲು ತಾಳೆಯಾಗಲಿಲ್ಲ. ಆಮೇಲೆ ಹೊಳೆಯಿತು. ಫಿಲ್ಮ್ ಮೇಲೆ ಚಿತ್ರ ಕನ್ನಡಿಯಲ್ಲಿದ್ದಂತೆ ತಿರುಗಿರುತ್ತದೆ. ಪೌಡರ್ ಮುಖ ಮೇಲಾಗಿ ಇಟ್ಟಾಗ ಹೆಸರಿನ ಕೊನೆಯ ಅಕ್ಷರಗಳು ನನ್ನ ಎಡಕ್ಕೆ ಬರುತ್ತವೆ. ಮೇಲೆ ಕೆಳಗೆ ತಿರುಗುವುದಿಲ್ಲ, ಎಡ ಬಲ ಮಾತ್ರ. ಎದ್ದ ಸಾಲು, ಎದ್ದ ಅಕ್ಷರ, ಎದ್ದ ಸಂಖ್ಯೆ, ಮೂರೂ ಒಂದೇ ಜಾಗಕ್ಕೆ ಬಂದು ನಿಂತವು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಅಲ್ಲಿ ಪೌಡರ್ ಕರಗದಿದ್ದರೇನಂತೆ? ಆಮೇಲೆ ಶರ್ಟ್ ಮೇಲೆ 160 ಡಿಗ್ರಿಯಲ್ಲಿ ಒತ್ತುತ್ತೇವಲ್ಲ, ಆಗ ಕರಗುವುದಿಲ್ಲವಾ? ಕರಗುತ್ತದೆ. ಅದಕ್ಕೇ ಮೊದಲ ದಿನ ಎಳೆದರೂ ಉಜ್ಜಿದರೂ ಏಳಲಿಲ್ಲ. ಆದರೆ ಕ್ಯೂರಿಂಗ್ ಮಾಡುವುದು ಎರಡು ಕೆಲಸ. ಒಂದು ಪೌಡರ್ ಕರಗಿಸುವುದು. ಇನ್ನೊಂದು ಇಂಕ್‌ನಲ್ಲಿರುವ ನೀರು ಮತ್ತು ಗ್ಲೈಕಾಲ್ ದ್ರವವನ್ನು ಓಡಿಸುವುದು. ಎರಡನೆಯದು 15 ಸೆಕೆಂಡಿನಲ್ಲಿ ಆಗುವ ಮಾತಲ್ಲ. ಅದೂ ಮೇಲೆ ಫಿಲ್ಮ್, ಕೆಳಗೆ ಬಟ್ಟೆ, ನಡುವೆ ಒತ್ತಡ ಇರುವಾಗ. ಒಳಗೆ ಉಳಿದ ತೇವ ಅಂಟಿಗೂ ಇಂಕ್‌ಗೂ ನಡುವೆ, ಅಂಟಿಗೂ ನೂಲಿಗೂ ನಡುವೆ ಕೂತುಬಿಡುತ್ತದೆ. ಅಂಟು ನೂಲಿನ ಸಂದಿಗೆ ಪೂರ್ತಿ ಇಳಿಯುವುದಿಲ್ಲ, ಮೇಲೆ ಮೇಲೆ ಹಿಡಿದಿರುತ್ತದೆ. ನೀರು ಬಿದ್ದು ನಾಲ್ಕು ಸಲ ಹಿಂಡಿದ ಮೇಲೆ ಬಂಡವಾಳ ಬಯಲಾಗುತ್ತದೆ.

ಇದನ್ನು ಸುಮ್ನೆ ನಂಬಬಾರದು ಅಂತ ಒಂದು ಪರೀಕ್ಷೆ ಮಾಡಿದೆ. ಒಂದೇ ಫಿಲ್ಮ್‌ನಲ್ಲಿ ಐದು ಪಟ್ಟಿ ಪ್ರಿಂಟ್ ಮಾಡಿ ಕತ್ತರಿಸಿದೆ. ಪ್ಲೇಟ್‌ನ ನಡುಮಧ್ಯದಲ್ಲಿಟ್ಟು ಒಂದನ್ನು 1 ನಿಮಿಷ, ಮಿಕ್ಕವನ್ನು 2, 3, 4, 6 ನಿಮಿಷ ಕಾಯಿಸಿದೆ. ಐದನ್ನೂ ಒಂದೇ ಹಳೆ ಶರ್ಟ್ ಮೇಲೆ ಒತ್ತಿ, ಒಂದು ದಿನ ಬಿಟ್ಟು, ಐದು ಸಲ ಒಗೆದೆ. 1 ನಿಮಿಷದ್ದು ಮೊದಲ ಒಗೆತಕ್ಕೇ ಅಂಚು ಎತ್ತಿತು. 2 ನಿಮಿಷದ್ದು ಮೂರನೇ ಸಲಕ್ಕೆ. 3 ಮತ್ತು 4 ನಿಮಿಷದವು ಅಲುಗಾಡಲಿಲ್ಲ. 6 ನಿಮಿಷದ್ದರ ಬಿಳಿ ಸ್ವಲ್ಪ ಹಳದಿಗೆ ತಿರುಗಿತ್ತು, ಬಟ್ಟೆ ಎಳೆದರೆ ಬಿರುಕು ಕಂಡಿತು. ಈ ಅಂಕಿ ನನ್ನ ಪ್ರೆಸ್, ನನ್ನ ಪೌಡರ್, ನಾನು ಹಿಡಿಯುವ ಸಂದಿಗೆ ಮಾತ್ರ. ನಿಮ್ಮದರಲ್ಲಿ ಬೇರೆ ಬರುತ್ತದೆ. ಪಟ್ಟಿ ಪರೀಕ್ಷೆ ಮಾತ್ರ ಎಲ್ಲರೂ ಮಾಡಬಹುದು.

ಆಮೇಲೆ ಬದಲಾದದ್ದು

ಎದ್ದಿದ್ದ 11ರಲ್ಲಿ ಮೂರನ್ನು ಉಳಿಸಲು ನೋಡಿದೆ. ಬಟರ್ ಪೇಪರ್ ಇಟ್ಟು 160 ಡಿಗ್ರಿಯಲ್ಲಿ 20 ಸೆಕೆಂಡ್ ಮತ್ತೆ ಒತ್ತಿದೆ. ಹೊಸದರಂತೆ ಕೂತಿತು. ಎರಡು ಒಗೆತ ತಡೆಯಿತು, ಮೂರನೆಯದಕ್ಕೆ ಮತ್ತೆ ಎದ್ದಿತು. ಒಗೆದ ಬಟ್ಟೆಯಲ್ಲಿ ಸೋಪಿನ ಅಂಶವೂ ಸೇರಿರುತ್ತದೆ, ಅಂಟು ಹಿಡಿಯುವುದಿಲ್ಲ. ಕೊನೆಗೆ ಹನ್ನೊಂದನ್ನೂ ಹೊಸದಾಗಿ ಮಾಡಿಕೊಟ್ಟೆ. ಎದ್ದಿಲ್ಲದ 19 ಜನರಿಗೂ ವಿಷಯ ತಿಳಿಸಿದೆ. ಅದರಲ್ಲಿ ಯಾವುದೂ ವಾಪಸ್ ಬರಲಿಲ್ಲ.

ಗ್ಯಾಂಗ್ ಶೀಟ್ ಈಗಲೂ ಮಾಡುತ್ತೇನೆ. ಪೌಡರ್ ಹಾಕಿ ಉದುರಿಸಿದ ಮೇಲೆ, ಕಾಯಿಸುವ ಮೊದಲೇ, ಅದನ್ನು ಎರಡು ತುಂಡು ಮಾಡುತ್ತೇನೆ. ಹಸಿ ಇಂಕ್ ಕೈಗೆ ತಾಗದ ಹಾಗೆ ಕತ್ತರಿಸೋದು ಸ್ವಲ್ಪ ಕಿರಿಕಿರಿ, ಅದಕ್ಕೇ ಎರಡು ಡಿಸೈನ್ ನಡುವೆ ಮೂರು ಸೆಂ.ಮೀ. ಜಾಗ ಬಿಡುತ್ತೇನೆ. ಒಂದೊಂದು ತುಂಡನ್ನೂ ಪ್ಲೇಟ್‌ನ ಮಧ್ಯಕ್ಕೆ ಇಡುತ್ತೇನೆ. ಒಂದೂವರೆ ನಿಮಿಷಕ್ಕೆ ಹಿಂದುಮುಂದಾಗಿ ತಿರುಗಿಸುತ್ತೇನೆ. ಹೊರಗೆ ತೆಗೆದ ಕೂಡಲೇ ಟಾರ್ಚ್. ಮರಳು ಕಂಡರೆ ಮತ್ತೆ ಒಳಗೆ. ಗಡಿಯಾರಕ್ಕಿಂತ ಹೊಳಪನ್ನು ಜಾಸ್ತಿ ನಂಬುತ್ತೇನೆ. ಕೋಣೆಯ ಬಿಸಿ, ಪೌಡರ್‌ನ ದಪ್ಪ, ಇಂಕ್‌ನ ಪ್ರಮಾಣ ಬದಲಾದ ಹಾಗೆ ನಿಮಿಷವೂ ಬದಲಾಗುತ್ತದೆ.

ಪ್ರತಿ ಡಿಸೈನ್‌ನ ಹೊರಗೆ, ಫಿಲ್ಮ್‌ನ ಮೂಲೆಯಲ್ಲಿ, ಒಂದು ನಂಬರ್ ಬರೆಯುತ್ತೇನೆ. ಅದೇ ನಂಬರ್ ಶರ್ಟ್‌ನ ಕವರ್ ಮೇಲೆ. ಆ ನಂಬರ್ ಮೊದಲೇ ಇದ್ದಿದ್ದರೆ ಎಂಟು ದಿನದ ಹುಡುಕಾಟ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಹತ್ತಕ್ಕಿಂತ ಜಾಸ್ತಿ ಶರ್ಟ್ ಇದ್ದರೆ ಒಂದನ್ನು ಹೆಚ್ಚಿಗೆ ಮಾಡಿ, ಮೂರು ಸಲ ಒಗೆದು, ಆಮೇಲೆ ಉಳಿದದ್ದನ್ನು ಕೊಡುತ್ತೇನೆ. ಎರಡು ದಿನ ತಡವಾಗುತ್ತದೆ, ಆಗಲಿ.

ಇನ್ನೊಂದನ್ನು ಬಹಳ ತಡವಾಗಿ ಮಾಡಿದೆ: ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಕಾಯಿಸುವಾಗ ಇಂಕ್‌ನಿಂದ ಹೊಗೆ ಬರುತ್ತದೆ. ಪೌಡರ್ ತೀರಾ ಸಣ್ಣ, ಉದುರಿಸುವಾಗ ಗಾಳಿಯಲ್ಲಿ ತೇಲುತ್ತದೆ. ಈಗ ಎನ್95 ಮಾಸ್ಕ್ ಇಲ್ಲದೆ ಟ್ರೇ ಮುಟ್ಟುವುದಿಲ್ಲ. ಮನೆಯಲ್ಲಿ ಅಡುಗೆಗೆ ಬಳಸುವ ಒವನ್‌ನಲ್ಲಿ ಕ್ಯೂರ್ ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಬೇಡವೇ ಬೇಡ.

ಕೆಲವು ವಾರದ ಮೇಲೆ ಅದೇ ತಂಡ ಕೆಂಪು ಪಾಲಿಯೆಸ್ಟರ್ ಜೆರ್ಸಿ ಕೇಳಿತು. ಪಾಲಿಯೆಸ್ಟರ್‌ಗೆ ಹಾಕುವ ಡಿಸ್ಪರ್ಸ್ ಬಣ್ಣ ಬಿಸಿಗೆ ಆವಿಯಾಗಿ ಮೇಲಿನ ಪ್ರಿಂಟ್‌ಗೆ ಏರುತ್ತದೆ. ಕೆಂಪು ಬಟ್ಟೆಯ ಮೇಲಿನ ಬಿಳಿ ಅಕ್ಷರ ಕೆಲವು ದಿನದಲ್ಲಿ ಗುಲಾಬಿಯಾಗುತ್ತದೆ. ಕಮ್ಮಿ ಬಿಸಿಗೆ ಕರಗುವ ಪೌಡರ್ ತರಿಸಿ, 130 ಡಿಗ್ರಿಯಲ್ಲಿ ಒತ್ತಿ, ಒಂದು ಜೆರ್ಸಿಯನ್ನು ಎರಡು ವಾರ ಕಣ್ಣೆದುರಿಗೆ ನೇತುಹಾಕಿದೆ. ಬಿಳಿ ಬಿಳಿಯಾಗಿಯೇ ಉಳಿದ ಮೇಲೆ ಒಪ್ಪಿಕೊಂಡೆ. ಮೊದಲಾಗಿದ್ದರೆ ಕೇಳಿದ ದಿನವೇ ಹೂಂ ಅನ್ನುತ್ತಿದ್ದೆ.

ಹೊಸದಾಗಿ ಶುರು ಮಾಡುವ ಇಬ್ಬರು ಈಚೆಗೆ ಬಂದು ಯಾವ ಪ್ರಿಂಟರ್ ತಗೊಳ್ಳಲಿ ಅಂತ ಕೇಳಿದರು. ಪ್ರಿಂಟರ್ ಬೇಡ, ಮೊದಲು ಪ್ರೆಸ್ ತಗೊಳ್ಳಿ ಅಂದೆ. ಪ್ರಿಂಟ್ ಮಾಡಿ ಕ್ಯೂರ್ ಆದ ಫಿಲ್ಮ್‌ಗಳನ್ನು ಬೇರೆಯವರಿಂದ ತರಿಸಿಕೊಳ್ಳಬಹುದು. ಎರಡು ಮೂರು ತಿಂಗಳು ಬರೀ ಒತ್ತಿ, ಒಗೆದು, ಎದ್ದದ್ದನ್ನು ನೋಡಿ ಕಲಿಯಬಹುದು. ಒಳ್ಳೆಯ ಫಿಲ್ಮ್ ಹೇಗಿರುತ್ತದೆ ಅಂತ ಕೈಗೆ, ಕಣ್ಣಿಗೆ ಗೊತ್ತಾಗುತ್ತದೆ. ವಾರಕ್ಕೆ ಮೂರು ನಾಲ್ಕು ದಿನವಾದರೂ ಪ್ರಿಂಟ್ ಮಾಡುವಷ್ಟು ಕೆಲಸ ಇಲ್ಲದಿದ್ದರೆ ಬಿಳಿ ಇಂಕ್ ಸಾಕುವುದು ಸುಮ್ನೆ ತಲೆನೋವು. ಒಬ್ಬರು ನನ್ನ ಮಾತು ಕೇಳಿದರು. ಇನ್ನೊಬ್ಬರು ಮಾರನೇ ವಾರವೇ ಪ್ರಿಂಟರ್ ತಂದರು. ನಾನೂ ಹಾಗೇ ಮಾಡಿದ್ದೆ, ಏನು ಹೇಳಲಿ.

ಎದ್ದು ಬಂದ ಹನ್ನೊಂದರಲ್ಲಿ ಒಂದನ್ನು ನಾನೇ ಇಟ್ಟುಕೊಂಡೆ. ಪೌಡರ್ ಹಾಕುವಾಗ ಅದೇ ತೊಡುವುದು. ಮೇಲಿನ ಚಿತ್ರ ಇವತ್ತಿಗೂ ಕಲ್ಲಿನ ಹಾಗೆ ಇದೆ. ಕೆಳಗಿನ ಹೆಸರಿನಲ್ಲಿ ಕೊನೆಯ ಮೂರು ಅಕ್ಷರ ಪೂರ್ತಿ ಹೋಗಿವೆ. ಉಳಿದ ಅರ್ಧವನ್ನು ಓದಿದರೂ ಒಂದು ಅರ್ಥ ಬರುತ್ತದೆ, ಆದರೆ ಅದು ಓಡುವವರಿಗೆ ಇಡುವ ಹೆಸರಲ್ಲ.